ಬೇಸಿಗೆಯ ಬಿಡುವಿಗೆ ನಾಲ್ಕು ಪುಸ್ತಕಗಳು



ತೊಗರಿ, ಕಡಲೆ ರಾಶಿ ಮುಗಿದಿದೆ. ರೋಹಿಣಿ ಮಳೆ ಬರುವ ತನಕ ಹೊಲದಲ್ಲಿ ಕೆಲಸ ಕಡಿಮೆ. ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಕಡೆಯ ಬಿಸಿಲಿಗೆ ಮಧ್ಯಾಹ್ನ ಯಾರೂ ಹೊರಬೀಳುವುದಿಲ್ಲ, ಮಕ್ಕಳಿಗೂ ರಜೆ. ಈ ಬಿಡುವಿನಲ್ಲಿ ಏನು ಓದಬೇಕೆಂದು ಕೆಲವರು ನಮ್ಮನ್ನು ಕೇಳಿದ್ದಾರೆ. ನಾಲ್ಕು ಪುಸ್ತಕ ಹೇಳುತ್ತೇವೆ.

1. ರೂತಳ ಗ್ರಂಥ: ಬೈಬಲಿನಲ್ಲಿ ಇದು 4 ಅಧ್ಯಾಯ ಮಾತ್ರ. ಬರಗಾಲಕ್ಕೆ ಬೆತ್ಲೆಹೇಮಿನಿಂದ ಗುಳೆ ಹೋದ ಕುಟುಂಬ, ಗಂಡ ಮಕ್ಕಳನ್ನು ಕಳೆದುಕೊಂಡು ಮರಳಿದ ಅತ್ತೆ, ಅವಳ ಕೈಬಿಡದೆ ಹಕ್ಕಲು ತೆನೆ ಆಯ್ದು ಸಾಕಿದ ಸೊಸೆ. ಗುಳೆಯ ಕಷ್ಟ ನಮ್ಮವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

2. ಮರಳಿ ಮಣ್ಣಿಗೆ: ಶಿವರಾಮ ಕಾರಂತರ ಈ ಕಾದಂಬರಿ ಪ್ರಕಟವಾದದ್ದು 1941ರಲ್ಲಿ. ಕರಾವಳಿಯ ಒಂದು ಮನೆತನದ ಮೂರು ತಲೆಮಾರಿನ ಕಥೆ. ಮಗ ಓದಿಯೂ ದಾರಿ ತಪ್ಪುತ್ತಾನೆ. ಮೊಮ್ಮಗ ಪೇಟೆಯ ಓದಿನ ನಂತರ ಊರಿನ ಮಣ್ಣಿಗೆ ಮರಳುತ್ತಾನೆ. ಮನೆಯನ್ನು ಹಿಡಿದು ನಿಲ್ಲಿಸಿದವರು ಹೆಂಗಸರು. ಮಕ್ಕಳನ್ನು ಹೈದರಾಬಾದಿಗೆ ಕಳಿಸಿದ ತಂದೆತಾಯಿಗಳು ಓದಲೇಬೇಕು.

3. ಸಹಜ ಕೃಷಿ: ಜಪಾನಿನ ಫುಕುವೋಕಾ ಅವರ ಬೇಸಾಯದ ಕುರಿತು ಪೂರ್ಣಚಂದ್ರ ತೇಜಸ್ವಿ ಬರೆದದ್ದು. ಉಳುಮೆ, ರಾಸಾಯನಿಕ ಗೊಬ್ಬರ, ಕೀಟನಾಶಕ ಇಲ್ಲದ ಬೇಸಾಯ. ಜಪಾನಿನ ಗದ್ದೆಯ ಮಾತನ್ನು ನಮ್ಮ ಹೊಲಕ್ಕೆ ಹಾಗೆಯೇ ತರಬೇಡಿರಿ. ಒಂದೆರಡು ಗುಂಟೆಯಲ್ಲಿ ಮಾಡಿ ನೋಡಿರಿ. ಜೊತೆಗೆ, ಪಸ್ತಾಪುರದ ಸುತ್ತಿನ ಸಂಘಗಳ ಹೆಂಗಸರು ನವಣೆ, ಸಜ್ಜೆ, ಜೋಳದ ನಾಟಿ ಬೀಜ ಉಳಿಸಿದ್ದನ್ನೂ ಹೋಗಿ ಕೇಳಿರಿ. ಅವರಲ್ಲಿ ಎಷ್ಟೋ ಜನ ಶಾಲೆಯ ಮುಖ ಕಂಡವರಲ್ಲ.

4. ವೈದ್ಯುಡು ಲೇನಿ ಚೋಟ: ಮೆಕ್ಸಿಕೋದ ಗುಡ್ಡಗಾಡು ಹಳ್ಳಿಗಳಲ್ಲಿ ಸೇವೆ ಮಾಡಿದ ಡೇವಿಡ್ ವೆರ್ನರ್ ಅವರ ಆರೋಗ್ಯ ಪುಸ್ತಕ, ಮೊದಲು 1973ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ ಬಂತು. ತೆಲುಗಿನಲ್ಲಿ ಹೈದರಾಬಾದ್ ಬುಕ್ ಟ್ರಸ್ಟ್ ಪ್ರಕಟಿಸಿದೆ. ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವುದು ತೆಲುಗನ್ನೇ. ಅವರು ಓದಲಿ, ಹಿರಿಯರು ಕೇಳಲಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಒಂದು ಬೇಸಿಗೆಯಲ್ಲಿ ನಮ್ಮ ಧರ್ಮಕೇಂದ್ರದ ಒಂದು ಮನೆಯ ಮಗುವಿಗೆ ಭೇದಿಯಾಯಿತು. ನೀರು ಕೊಟ್ಟರೆ ಹೆಚ್ಚಾಗುತ್ತದೆಂದು ಹನಿ ನೀರನ್ನೂ ಕೊಡಲಿಲ್ಲ. ನಾವು ಹೋದಾಗ ಮಗುವಿನ ಕಣ್ಣು ಗುಳಿ ಬಿದ್ದಿತ್ತು. ಆಸ್ಪತ್ರೆಗೆ ಒಯ್ದು ಉಳಿಸಿಕೊಂಡೆವು. ಆ ಮನೆಯಲ್ಲಿ ಮೂವರು ಹತ್ತನೆಯ ತರಗತಿ ಓದಿದವರಿದ್ದರು!

ಭೇದಿಯಾದ ಮಗುವಿಗೆ ನೀರು ನಿಲ್ಲಿಸಬಾರದು, ಎದೆಹಾಲೂ ನಿಲ್ಲಿಸಬಾರದು. ಓ.ಆರ್.ಎಸ್. ಪೊಟ್ಟಣ ಸಿಗದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿರಿ. ಚಮಚ ತಲೆ ಸವರಿದ್ದಿರಲಿ. ಉಪ್ಪು ಹೆಚ್ಚಾದರೆ ಅಪಾಯ. ಸ್ವಲ್ಪ ಸ್ವಲ್ಪವಾಗಿ ಕುಡಿಸಿರಿ. ಮಲದಲ್ಲಿ ರಕ್ತ ಕಂಡರೆ, ಮೂತ್ರ ನಿಂತರೆ, ಮಗು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಹೊರಡಿರಿ.

ಎಲ್ಲವನ್ನೂ ಕೊಳ್ಳುವ ಶಕ್ತಿ ಎಲ್ಲರಿಗಿಲ್ಲ. ನಾಲ್ಕು ಮನೆಯವರು ಸೇರಿ ಒಂದೊಂದು ಕೊಂಡು ಬದಲಿಸಿಕೊಳ್ಳಿರಿ. ರಾತ್ರಿ ಜಪಸರವಾದ ಮೇಲೆ ಅಂಗಳದಲ್ಲಿ ಕೂತು ಒಬ್ಬರು ಗಟ್ಟಿಯಾಗಿ ಓದಲಿ. ಓದು ಬಾರದ ಅಜ್ಜಿಗೂ ಅದು ಮುಟ್ಟಲಿ. ಮೊದಲ ಮಳೆಯೊಳಗೆ ಒಂದನ್ನಾದರೂ ಮುಗಿಸಿರಿ.