ತಾತಗುಣಿಯ ಲಿನಾಲೂ ತೋಟ

ಬೆಂಗಳೂರಿನಿಂದ ಕನಕಪುರ ರಸ್ತೆ ಹಿಡಿದು ಕಗ್ಗಲೀಪುರದ ಕಡೆ ಹೊರಟರೆ ದಾರಿಯಲ್ಲಿ ತಾತಗುಣಿ ಸಿಗುತ್ತದೆ. ಅಲ್ಲಿರುವ 468 ಎಕರೆಯ ಎಸ್ಟೇಟನ್ನು ಜನ ಇವತ್ತಿಗೂ ಗುರುತಿಸುವುದು ದೇವಿಕಾ ರಾಣಿಯ ಹೆಸರಿನಿಂದ. ಬಾಂಬೆ ಟಾಕೀಸ್ ಚಿತ್ರಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದ, ಮೊಟ್ಟಮೊದಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ನಟಿ ಆಕೆ. ಆದರೆ ಈ ಕೆಮ್ಮಣ್ಣಿಗೆ ಅಂಟಿಕೊಂಡು ಬಾಳಿದ ಆಕೆಯ ರಷ್ಯನ್ ಪತಿಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಸ್ವೆತೊಸ್ಲಾವ್ ರೋರಿಚ್ ಹುಟ್ಟಿದ್ದು 1904ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಕ್ರಾಂತಿಯ ಕಾಲದಲ್ಲಿ ಮನೆಯವರು ರಷ್ಯಾ ಬಿಟ್ಟರು. ಫಿನ್ಲೆಂಡ್, ಲಂಡನ್, ಅಮೆರಿಕ ಸುತ್ತಿ ಕೊನೆಗೆ ಹಿಮಾಲಯದ ಕುಲ್ಲು ಕಣಿವೆಯಲ್ಲಿ ನೆಲೆ ಕಂಡರು. ತಂದೆ ನಿಕೊಲಾಸ್ ರೋರಿಚ್ ಹೆಸರಾಂತ ಚಿತ್ರಕಾರ. 1945ರಲ್ಲಿ ದೇವಿಕಾ ರಾಣಿಯನ್ನು ಮದುವೆಯಾದ ಮಗ, ಕೆಲವೇ ವರ್ಷಗಳಲ್ಲಿ ಬೆಂಗಳೂರಿನತ್ತ ಬಂದರು. ಅಣ್ಣ ಯೂರಿ 1957ರಲ್ಲಿ ಮಾಸ್ಕೋಗೆ ಮರಳಿದರು. 1960ರಲ್ಲಿ ಸ್ವೆತೊಸ್ಲಾವ್ ಕೂಡ ತಮ್ಮ ಚಿತ್ರಗಳೊಂದಿಗೆ ಅಲ್ಲಿಗೆ ಹೋದರು, ಪ್ರದರ್ಶನ ನಡೆಸಿ ತೋಟಕ್ಕೆ ವಾಪಸಾದರು. ಇಬ್ಬರು ಅಣ್ಣತಮ್ಮಂದಿರ ಈ ಎರಡು ದಾರಿಗಳು ನನ್ನನ್ನು ಬಹಳ ಕಾಡುತ್ತವೆ.

ತೋಟದ ಬೆಳೆ ಲಿನಾಲೂ. ಇದು ಮೆಕ್ಸಿಕೋ ಮೂಲದ ಮರ. ಕಾಯಿಯ ಸಿಪ್ಪೆಯನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೆ ಲ್ಯಾವೆಂಡರ್ ಹೋಲುವ ಪರಿಮಳದ ಎಣ್ಣೆ ಬರುತ್ತದೆ. ಸುಗಂಧ ದ್ರವ್ಯ ತಯಾರಿಸುವವರಿಗೆ ಅದು ಬೇಕೇ ಬೇಕು. ಹೊರಗಿನಿಂದ ಬಂದ ಮರವನ್ನು ಹೊರಗಿನಿಂದ ಬಂದ ಮನುಷ್ಯ ಇಲ್ಲಿ ಸಾಕಿ ಬೆಳೆಸಿದರು. ಬೆಳೆಗಾರನ ಕೆಲಸದ ನಡುವೆಯೇ ಕುಂಚವೂ ನಡೆಯಿತು. ಹಿಮಶಿಖರಗಳನ್ನು ಬರೆದ ಕೈ ದಕ್ಷಿಣದ ಕೆಂಪು ನೆಲವನ್ನೂ ದುಡಿಯುವ ಹೆಂಗಸರನ್ನೂ ಬರೆಯಿತು. ಹಳೆಯ ಸಂಸತ್ ಭವನದ ನೆಹರೂ ಭಾವಚಿತ್ರ ಇವರದೇ. ಕರ್ನಾಟಕ ಚಿತ್ರಕಲಾ ಪರಿಷತ್ತಿಗೂ ಇವರು ಬೆನ್ನೆಲುಬಾಗಿ ನಿಂತರು.

1993ರ ಜನವರಿಯಲ್ಲಿ ರೋರಿಚ್, ಮರುವರ್ಷ ಮಾರ್ಚಿನಲ್ಲಿ ದೇವಿಕಾ ರಾಣಿ ತೀರಿಕೊಂಡರು. ಮಕ್ಕಳಿರಲಿಲ್ಲ. ರೋರಿಚ್ ಸಮಾಧಿ ತೋಟದಲ್ಲಿಯೇ ಇದೆ. ಆಸ್ತಿಗಾಗಿ ವ್ಯಾಜ್ಯ ನಡೆಯಿತು. ಎಸ್ಟೇಟನ್ನು ವಶಕ್ಕೆ ಪಡೆಯಲು ರಾಜ್ಯ ಸರ್ಕಾರ 1996ರಲ್ಲಿ ಕಾಯ್ದೆಯನ್ನೇ ತಂದಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಚಿತ್ರಗಳ ರಕ್ಷಣೆ, ವಸ್ತುಸಂಗ್ರಹಾಲಯ, ಲಿನಾಲೂ ಬೆಳೆಯ ಅಭಿವೃದ್ಧಿ ಎಲ್ಲವೂ ಆ ಕಾಯ್ದೆಯ ಉದ್ದೇಶದಲ್ಲಿವೆ. ಇವುಗಳಲ್ಲಿ ಮರಗಳ ಮಾತು ಹಿಂದೆ ಬೀಳಬಾರದು. ಮನೆ ದುರಸ್ತಿಯಾಗಿ ತೋಟ ಒಣಗಿದರೆ ಉಳಿಯುವುದು ಅರ್ಧ ಬದುಕು ಮಾತ್ರ. ಪಕ್ಕದಲ್ಲೇ ಬನ್ನೇರುಘಟ್ಟದ ಕಾಡು, ಆನೆಗಳು ಓಡಾಡುವ ಜಾಗ. ಏನೇ ಕಟ್ಟುವುದಿದ್ದರೂ ಅವುಗಳ ದಾರಿ ಬಿಟ್ಟು ಕಟ್ಟಬೇಕು.

ಚಿತ್ರಗಳನ್ನು ನೋಡುವ ಆಸೆಯಿದ್ದವರು ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗಬಹುದು. ನಂಜನಗೂಡು, ತಿ. ನರಸೀಪುರದ ಕಡೆಯವರಿಗೆ ಮೈಸೂರೇ ಹತ್ತಿರ. ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿ ತಂದೆ ಮಗ ಇಬ್ಬರ ಕೃತಿಗಳೂ ಇವೆ.