ಅಜ್ಜನ ಎರೆ ಮಣ್ಣು ಮೆಲ್ಬರ್ನಿನಲ್ಲಿ ಸಿಕ್ಕಿತು

ಇದನ್ನು ಓದುವ ಮೊದಲು ಒಂದು ಸಣ್ಣ ಕೆಲಸ ಮಾಡುತ್ತೀರಾ? ಹಿತ್ತಲಿಗೆ ಹೋಗಿ ಒಂದು ಹಿಡಿ ಮಣ್ಣು ತೆಗೆದುಕೊಳ್ಳಿ. ಸಿಡ್ನಿಯ ಉತ್ತರದ ಬಡಾವಣೆಗಳಲ್ಲಿದ್ದರೆ ಅದು ಹೆಚ್ಚಾಗಿ ಮರಳು ಮರಳಾಗಿ ಬೆರಳುಗಳ ನಡುವಿನಿಂದ ಜಾರುತ್ತದೆ. ಮೆಲ್ಬರ್ನಿನ ಪಶ್ಚಿಮದಲ್ಲಿದ್ದರೆ ಅಂಟಂಟಾಗಿ ಕೈಗೆ ಮೆತ್ತಿಕೊಳ್ಳುತ್ತದೆ. ನಾನು ಈ ಎರಡೂ ಮಣ್ಣಿನ ಮೇಲೆ ಬೆಳೆದವಳು. ಹದಿನಾಲ್ಕು ವರ್ಷ ಸಿಡ್ನಿ, ಈಗ ಎರಡು ವರ್ಷದಿಂದ ಮೆಲ್ಬರ್ನ್.

ಮೊದಲು ಸಿಡ್ನಿಯ ಕಥೆ ಹೇಳುತ್ತೇನೆ. ಅಲ್ಲಿ ನೆಲದ ಕೆಳಗೆ ಇರುವುದು ಮರಳುಗಲ್ಲು. 20 ಕೋಟಿ ವರ್ಷಗಳಿಗೂ ಹಿಂದೆ ದೊಡ್ಡ ನದಿಯೊಂದು ದೂರದಿಂದ ಮರಳು ತಂದು ಇಲ್ಲಿ ಸುರಿಯಿತು. ಆ ಮರಳು ಪದರ ಪದರವಾಗಿ ಗಟ್ಟಿಯಾಯಿತು. ಆಮೇಲೆ ನದಿಗಳು ಈ ಕಲ್ಲನ್ನು ಕೊರೆದು ಆಳವಾದ ಕಣಿವೆ ಮಾಡಿದವು. ಹಿಮಯುಗ ಮುಗಿದು ಸಮುದ್ರ ಏರಿದಾಗ ಕಣಿವೆಯೊಳಗೆ ನೀರು ನುಗ್ಗಿತು. ನಾವು ಫೆರಿಯಲ್ಲಿ ಕುಳಿತು ನೋಡುವ ಸಿಡ್ನಿ ಹಾರ್ಬರ್ ಎಂದರೆ ಹೀಗೆ ಮುಳುಗಿದ ನದಿ ಕಣಿವೆ.

ಸಾವಿರಾರು ವರ್ಷಗಳಿಂದ ಇಲ್ಲಿರುವ ಮೂಲನಿವಾಸಿಗಳು ಇದೇ ಕಲ್ಲಿನ ಹಾಸಿನ ಮೇಲೆ ತಿಮಿಂಗಿಲ, ಕಾಂಗರೂ, ಮೀನುಗಳನ್ನು ಕೆತ್ತಿದ್ದಾರೆ. ಕುರಿಂಗೈ ಚೇಸ್ ರಾಷ್ಟ್ರೀಯ ಉದ್ಯಾನದಲ್ಲಿ ಅವನ್ನು ನೀವು ಇವತ್ತಿಗೂ ನೋಡಬಹುದು. 1788ರಲ್ಲಿ ಬಂದ ಬ್ರಿಟಿಷರಿಗೆ ಈ ನೆಲ ಬೇರೆ ಪಾಠ ಕಲಿಸಿತು. ಮರಳುಗಲ್ಲಿನ ಮಣ್ಣಿನಲ್ಲಿ ಸಾರ ಕಡಿಮೆ. ಅವರು ಬಿತ್ತಿದ ಬೆಳೆ ಸರಿಯಾಗಿ ಬರಲಿಲ್ಲ. ಅದೇ ವರ್ಷ ಒಳ್ಳೆಯ ಮಣ್ಣು ಹುಡುಕಿಕೊಂಡು ಒಳನಾಡಿಗೆ ಹೋಗಿ ಇನ್ನೊಂದು ನೆಲೆ ಕಟ್ಟಿದರು. ಅದೇ ಇಂದಿನ ಪ್ಯಾರಮಾಟ. ನಮ್ಮವರಲ್ಲಿ ಎಷ್ಟೋ ಜನ ಮನೆ ಮಾಡಿರುವ ಆ ಕಡೆಯ ನೆಲದಡಿ ಇರುವುದು ಜೇಡಿಗಲ್ಲು.

ಬೆಳೆಗೆ ಒಗ್ಗದ ಮರಳುಗಲ್ಲು ಕಟ್ಟಡಕ್ಕೆ ಚೆನ್ನಾಗಿ ಒಗ್ಗಿತು. ಸಿಡ್ನಿ ವಿಶ್ವವಿದ್ಯಾಲಯ, ಟೌನ್ ಹಾಲ್ ಎಲ್ಲ ಅದೇ ಜೇನು ಬಣ್ಣದ ಕಲ್ಲು. ಪಿರ್ಮಾಂಟಿನಲ್ಲಿ ಕಲ್ಲು ಒಡೆಯುತ್ತಿದ್ದ ಮೂರು ಕ್ವಾರಿಗಳಿಗೆ ಕೆಲಸದವರು ಇಟ್ಟ ಹೆಸರು ಪ್ಯಾರಡೈಸ್, ಪರ್ಗೆಟರಿ, ಹೆಲ್ ಹೋಲ್. ಎಲ್ಲಿ ಕೆಲಸ ಕಷ್ಟವಿತ್ತೆಂದು ನೀವೇ ಊಹಿಸಿ!

ಅಪ್ಪನ ಕೆಲಸದಿಂದಾಗಿ ನಾವು ಮೆಲ್ಬರ್ನಿನ ಟಾರ್ನೀಟಿಗೆ ಬಂದಾಗ ನನಗೆ ಏನೂ ಇಷ್ಟವಾಗಲಿಲ್ಲ. ಗೆಳತಿಯರಿಲ್ಲ, ಬಂಡೆಗಳಿಲ್ಲ, ಏರು ತಗ್ಗು ಇಲ್ಲ. ಎತ್ತ ನೋಡಿದರೂ ಚಪ್ಪಟೆ ಬಯಲು. "ಇದು ನಮ್ಮೂರಲ್ಲ" ಎಂದು ಅಮ್ಮನ ಹತ್ತಿರ ದಿನಾ ಹೇಳುತ್ತಿದ್ದೆ.

ಈ ವರ್ಷ ಜನವರಿಯಲ್ಲಿ ವಿಜಯಪುರ ಜಿಲ್ಲೆಯ ಹಳ್ಳಿಯಿಂದ ಅಜ್ಜ ಬಂದರು. ಅಜ್ಜಿ ತೀರಿಕೊಂಡ ಮೇಲೆ ಇದೇ ಮೊದಲ ಸಲ. ನಮ್ಮ ತುಳಸಿ ಕುಂಡಕ್ಕೆಂದು ಹೊಲದ ಮಣ್ಣನ್ನು ಒಂದು ಹಿಡಿ ಕರವಸ್ತ್ರದಲ್ಲಿ ಕಟ್ಟಿ ತಂದಿದ್ದರು. ಈ ದೇಶಕ್ಕೆ ಮಣ್ಣು ತರುವ ಹಾಗಿಲ್ಲ, ಅದರ ಜೊತೆ ರೋಗ, ಕೀಟ ಬರಬಹುದು. ವಿಮಾನ ನಿಲ್ದಾಣದಲ್ಲಿ ಅಜ್ಜ ತಾವಾಗಿಯೇ ತೋರಿಸಿದರು, ಅವರು ತೆಗೆದುಕೊಂಡರು. ನಿಯಮ ಸರಿಯೇ. ಆದರೆ ಅಜ್ಜ ಮನೆಗೆ ಬರುವವರೆಗೆ ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ. ವಾರ ಕಳೆಯುವಷ್ಟರಲ್ಲಿ "ನನ್ನ ಟಿಕೆಟ್ ಲಗೂನ ಮಾಡ್ರಿ" ಎಂದು ಶುರು ಮಾಡಿದರು. ನನಗೂ ಅಜ್ಜನಿಗೂ ಇದ್ದದ್ದು ಒಂದೇ ಕಾಯಿಲೆ.

ಆಮೇಲೆ ಒಂದು ಬಿಸಿಲಿನ ಸಂಜೆ ಅಜ್ಜ ಹಿತ್ತಲಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ನೆಲ ನೋಡುತ್ತಿದ್ದರು. ಮಣ್ಣು ಒಣಗಿ ಬೆರಳು ಹೋಗುವಷ್ಟು ಬಿರುಕು ಬಿಟ್ಟಿತ್ತು. "ಏನವ್ವಾ, ಇದು ನಮ್ಮ ಎರಿ ಭೂಮಿನ ಐತಲ್ಲ!" ಎಂದರು.

ಅಜ್ಜನ ಮಾತು ನಿಜವೇ ಎಂದು ನಾನು ಓದಿ ನೋಡಿದೆ. ಹೌದು! ಮೆಲ್ಬರ್ನಿನ ಪಶ್ಚಿಮದ ಬಯಲು ಜ್ವಾಲಾಮುಖಿಗಳು ಹಾಸಿದ ಬಯಲು. ಸುಮಾರು 50 ಲಕ್ಷ ವರ್ಷಗಳ ಈಚೆಗೆ ಇಲ್ಲಿ 400ಕ್ಕೂ ಹೆಚ್ಚು ಜ್ವಾಲಾಮುಖಿಗಳು ಲಾವಾ ಕಾರಿದವು. ಲಾವಾ ಆರಿ ಬಸಾಲ್ಟ್ ಆಯಿತು. ಉತ್ತರ ಕರ್ನಾಟಕದ ಕಪ್ಪು ಕಲ್ಲೂ ಬಸಾಲ್ಟೇ, ಆದರೆ ಅದು ತುಂಬ ಹಳೆಯದು, ಸುಮಾರು 6.6 ಕೋಟಿ ವರ್ಷದ್ದು. ಬಸಾಲ್ಟ್ ಸವೆದು ಆಗುವ ಜಿಗುಟು ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಅದಕ್ಕೇ ನಮ್ಮ ಕಡೆ ಮನೆ ಕಟ್ಟುವ ಮುಂಚೆ ಮಣ್ಣಿನ ಪರೀಕ್ಷೆ ಮಾಡಿಸುತ್ತಾರೆ.

ಇದೇ ಕಲ್ಲಿಗೆ ಇಲ್ಲಿನವರ ಹೆಸರು ಬ್ಲೂಸ್ಟೋನ್. ಮೆಲ್ಬರ್ನಿನ ಓಣಿಗಳ ಹಾಸುಗಲ್ಲು, ಸೇಂಟ್ ಪ್ಯಾಟ್ರಿಕ್ ಕ್ಯಾಥೆಡ್ರಲ್, ಪೆಂಟ್ರಿಜ್ ಜೈಲಿನ ಗೋಡೆ ಎಲ್ಲ ಅದರದ್ದೇ. ಅಜ್ಜನ ಊರಿನ ಕಡೆಯ ಗೋಲ್ ಗುಂಬಜ್ ಕೂಡ ಬಸಾಲ್ಟಿನದು! ಹಾಗೆಯೇ ಸಿಡ್ನಿಯ ಕಲ್ಲಿಗೆ ನಮ್ಮಲ್ಲಿ ಜೋಡಿ ಬಾದಾಮಿ. ಅಲ್ಲಿನ ಗುಹೆಗಳನ್ನು ಚಾಲುಕ್ಯರು 6ನೇ ಶತಮಾನದಲ್ಲಿ ಮರಳುಗಲ್ಲಿನಲ್ಲೇ ಕೊರೆಸಿದರು.

ವಿಕ್ಟೋರಿಯಾದ ನೈರುತ್ಯದಲ್ಲಿ ಬಜ್ ಬಿಮ್ ಎಂಬ ಜಾಗವಿದೆ. ಅಲ್ಲಿ ಲಾವಾ ಹರಿದು ಜೌಗು, ಕೆರೆಗಳಾದವು. ಗುಂಡಿಚ್‌ಮಾರ ಜನ ಅದೇ ಲಾವಾ ಕಲ್ಲುಗಳಿಂದ ಕಾಲುವೆ, ಒಡ್ಡು ಕಟ್ಟಿ ಹಾವುಮೀನು ಸಾಕಿದರು. ಅದರಲ್ಲಿ ಕೆಲವು 6,600 ವರ್ಷ ಹಳೆಯವು. 2019ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಖಾಲಿ ಬಯಲು ಎಂದು ನಾನು ಬೈಯುತ್ತಿದ್ದ ಲಾವಾ ನೆಲವನ್ನು ಅವರು ಅಷ್ಟು ಚೆನ್ನಾಗಿ ಅರಿತಿದ್ದರು.

ಮಣ್ಣು ಹೇಗೋ ಊಟವೂ ಹಾಗೇ. ಎರೆ ಮಣ್ಣು ಮಳೆಯ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಮಳೆಗಾಲ ಮುಗಿದ ಮೇಲೂ ಹಿಂಗಾರಿ ಜೋಳ ಬೆಳೆಯುತ್ತದೆ. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಆ ಪೈರು ನಿಂತಿರುವಾಗಲೇ. ಅಮ್ಮನ ಊರು ಮಂಡ್ಯದ ಕಡೆ ಕೆಂಪು ಮಣ್ಣು, ಅಲ್ಲಿ ರಾಗಿ. ನಮ್ಮ ಮನೆಯಲ್ಲಿ ರೊಟ್ಟಿಯೋ ಮುದ್ದೆಯೋ ಎಂದು ನಡೆಯುವ ಜಗಳ ನಿಜಕ್ಕೂ ಎರಡು ಕಲ್ಲುಗಳ ಜಗಳ!

ಅಜ್ಜ ಆಮೇಲೆ ಟಿಕೆಟ್ ಮಾತು ಎತ್ತಲಿಲ್ಲ. ಜೂನ್‌ನಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಎರೆ ಮಣ್ಣಿನಲ್ಲಿ ಎತ್ತು ಮಾಡಿ ಪೂಜಿಸುವ ಹಬ್ಬ ಅದು. ಚಳಿಯಲ್ಲಿ ನಾನು, ಅಜ್ಜ ಹಿತ್ತಲಿನ ಒದ್ದೆ ಮಣ್ಣು ಅಗೆದು ಕಲಸಿದೆವು. ಅಜ್ಜ ಜೋಡಿ ಎತ್ತು ಮಾಡಿದರು, ನಾನು ಗೋದಲಿ ಮಾಡಿದೆ. ಒಂದು ಎತ್ತಿನ ಕೊಂಬು ನನ್ನ ಕೈಯಲ್ಲಿ ಮುರಿಯಿತು. "ಇರ್ಲಿ ಬಿಡ, ಮಣ್ಣ ಚಲೋ ಐತಿ" ಎಂದು ಅಜ್ಜ ಮತ್ತೆ ಅಂಟಿಸಿದರು.

ಜುಲೈನಲ್ಲಿ ಅಜ್ಜ ಊರಿಗೆ ಹೋದರು. ಎತ್ತುಗಳು ನನ್ನ ಮೇಜಿನ ಮೇಲಿವೆ. ಒಣಗಿದ ಮೇಲೆ ಅವೂ ಸ್ವಲ್ಪ ಬಿರುಕು ಬಿಟ್ಟಿವೆ. ಸಿಡ್ನಿಯ ನೆನಪು ನನಗೆ ಈಗಲೂ ಬರುತ್ತದೆ. ಆದರೆ "ಇದು ನಮ್ಮೂರಲ್ಲ" ಎಂದು ಹೇಳುವುದನ್ನು ಬಿಟ್ಟಿದ್ದೇನೆ.

ಈ ರಜೆಯಲ್ಲಿ ಸಿಡ್ನಿಯವರು ಕುರಿಂಗೈಗೆ ಹೋಗಿ ಬನ್ನಿ. ಕೆತ್ತನೆಗಳ ಮೇಲೆ ಮಾತ್ರ ಕಾಲಿಡಬೇಡಿ. ಮೆಲ್ಬರ್ನಿನವರು ಆರ್ಗನ್ ಪೈಪ್ಸ್ ಉದ್ಯಾನದಲ್ಲಿ ಕಂಬ ಕಂಬವಾಗಿ ನಿಂತ ಲಾವಾ ನೋಡಿ. ನಮ್ಮ ಮಲ್ಪೆಯ ಹತ್ತಿರದ ಸೇಂಟ್ ಮೇರಿ ದ್ವೀಪದಲ್ಲೂ ಇಂಥದೇ ಕಂಬಗಳಿವೆ. ಸಂಜೆ ಊರಿಗೆ ಫೋನ್ ಮಾಡಿದಾಗ ಅಜ್ಜ ಅಜ್ಜಿಯರನ್ನು ಕೇಳಿ: ನಿಮ್ಮ ಹೊಲದ ಮಣ್ಣು ಯಾವ ಬಣ್ಣ?