ಪಾಸ್‌ಪೋರ್ಟ್ ಒಂದು, ಹುಟ್ಟೂರು ಇನ್ನೊಂದು

ಕೆನಡಾದ ಫೋರ್ಟ್ ಈರಿ ಪಟ್ಟಣಕ್ಕೂ ಅಮೆರಿಕದ ಬಫಲೋ ನಗರಕ್ಕೂ ನಡುವೆ ನಯಾಗರಾ ನದಿ ಹರಿಯುತ್ತದೆ. ಹೆಸರುವಾಸಿಯಾದ ಜಲಪಾತ ಇರುವುದು ನದಿಯ ಕೆಳಪಾತ್ರದಲ್ಲಿ. ಪ್ರವಾಸಿಗರ ಗದ್ದಲವೆಲ್ಲ ಅಲ್ಲೇ. ಇಲ್ಲಿರುವುದು 1927ರಲ್ಲಿ ಸಂಚಾರಕ್ಕೆ ತೆರೆದ ಪೀಸ್ ಬ್ರಿಜ್ ಎಂಬ ಸೇತುವೆ. ಅದರ ಅಮೆರಿಕದ ತುದಿಯಲ್ಲಿರುವ ತಪಾಸಣಾ ಕಚೇರಿಯಲ್ಲಿ ಕೈಯಲ್ಲೊಂದು ಫೈಲು ಹಿಡಿದು ಕಾಯುವ ಜನರಿರುತ್ತಾರೆ. ಅವರು ಜಲಪಾತ ನೋಡಲು ಬಂದವರಲ್ಲ, ಕೆಲಸಕ್ಕೆ ಹೊರಟವರು. ಫೈಲಿನೊಳಗೆ ಕಂಪನಿಯ ಪತ್ರ, ಪದವಿಯ ಪ್ರಮಾಣಪತ್ರ, ಕೆನಡಾದ ಪಾಸ್‌ಪೋರ್ಟ್. ಅಧಿಕಾರಿ ಪತ್ರ ಓದಿ, ನಾಲ್ಕಾರು ಪ್ರಶ್ನೆ ಕೇಳಿ, ಸಾಮಾನ್ಯವಾಗಿ ಅಲ್ಲೇ ತೀರ್ಮಾನ ಹೇಳುತ್ತಾನೆ.

ಆ ಪತ್ರದಲ್ಲಿ ಸಹಿ ಕಂಪನಿಯದು. ಒಂದೊಂದು ಪದವನ್ನೂ ತೂಗಿ ಬರೆದವರು ಮಾತ್ರ ಬೇರೆ. ಅವರೇ ಗಡಿಯ ಎರಡೂ ಬದಿಯ ಕಾನೂನು ಬಲ್ಲ ಉದ್ಯೋಗ-ವಲಸೆಯ ವಕೀಲರು. ಕರಿಕೋಟು ತೊಟ್ಟು ವಾದಿಸುವವರನ್ನೇ ವಕೀಲರೆಂದು ತಿಳಿದವರಿಗೆ ಇವರು ವಿಚಿತ್ರವಾಗಿ ಕಾಣಬಹುದು. ಇವರಲ್ಲಿ ಅನೇಕರು ನ್ಯಾಯಾಲಯದ ಮೆಟ್ಟಿಲು ಹತ್ತುವುದೇ ಅಪರೂಪ. ಇವರ ವಾದವೆಲ್ಲ ಕಾಗದದ ಮೇಲೆ.

1994ರ ಜನವರಿ 1ರಂದು ಅಮೆರಿಕ, ಕೆನಡಾ ಮತ್ತು ಮೆಕ್ಸಿಕೋಗಳ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂತು. 2020ರ ಜುಲೈ 1ರಂದು ಅದರ ಜಾಗಕ್ಕೆ ಹೊಸ ಒಪ್ಪಂದ ಬಂದರೂ ಉದ್ಯೋಗಸ್ಥರ ಏರ್ಪಾಡು ಹಾಗೇ ಉಳಿಯಿತು. ಇದಕ್ಕೆ ಟಿ.ಎನ್. ಎಂದು ಹೆಸರು. ಒಪ್ಪಂದದ ಪಟ್ಟಿಯಲ್ಲಿರುವ ವೃತ್ತಿಯ ಕೆನಡಾ ಪ್ರಜೆ, ರಾಯಭಾರ ಕಚೇರಿಯ ವೀಸಾ ಇಲ್ಲದೆ ನೇರ ಗಡಿಗೇ ಬಂದು ಒಮ್ಮೆಗೆ 3 ವರ್ಷದವರೆಗೆ ಕೆಲಸದ ಅನುಮತಿ ಪಡೆಯಬಹುದು. ತೊಡಕಿರುವುದು ಆ ಪಟ್ಟಿಯಲ್ಲೇ. ಕಂಪ್ಯೂಟರ್ ಸಿಸ್ಟಮ್ಸ್ ಅನಲಿಸ್ಟ್ ಅದರಲ್ಲಿದ್ದಾನೆ, ಪ್ರೋಗ್ರಾಮರ್ ಇಲ್ಲ. ಆದರೆ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವನ ಕೆಲಸದಲ್ಲಿ ವಿಶ್ಲೇಷಣೆ ಎಷ್ಟು, ಪ್ರೋಗ್ರಾಂ ಬರೆಯುವುದೆಷ್ಟು? ಅವನಿಂದ ದಿನಚರಿಯನ್ನೆಲ್ಲ ಹೇಳಿಸಿಕೊಂಡು, ಅದು ಕಾನೂನಿನ ಪದದೊಳಗೆ ನಿಜವಾಗಿಯೂ ಕೂರುತ್ತದೆಯೇ ಎಂದು ನೋಡುವುದು ವಕೀಲರ ಮೊದಲ ಕೆಲಸ. ಕೂರದಿದ್ದರೆ ಆಗದೆಂದು ಹೇಳಿಬಿಡುವವರೇ ಒಳ್ಳೆಯ ವಕೀಲರು. ಗಡಿಯಲ್ಲಿ ಹೇಳಿದ ಒಂದು ಸುಳ್ಳು ಆ ಮನುಷ್ಯನ ಮುಂದಿನ ಪ್ರತಿ ಅರ್ಜಿಯನ್ನೂ ಬೆನ್ನಟ್ಟಿ ಬರುತ್ತದೆ.

ಹಾಸನದ ಒಬ್ಬ ಎಂಜಿನಿಯರ್ ಇದ್ದಾನೆಂದು ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಬಿ.ಇ. ಓದಿ, ಟೊರಾಂಟೋಗೆ ಹೋಗಿ, ಕೆನಡಾದ ಪ್ರಜೆಯಾಗಿದ್ದಾನೆ. ಬಫಲೋದ ಕಂಪನಿಯೊಂದು ಅವನನ್ನು ಕೆಲಸಕ್ಕೆ ಕರೆದಿದೆ. ಸೇತುವೆಯ ಮೇಲೆ ಅವನು ಕೆನಡಾದವನೇ, ಟಿ.ಎನ್. ಸಿಗುತ್ತದೆ. ಕೆಲವು ವರ್ಷದ ಮೇಲೆ ಅಮೆರಿಕದಲ್ಲೇ ನೆಲೆಸೋಣವೆಂದು ಗ್ರೀನ್ ಕಾರ್ಡಿಗೆ ಕೈಹಾಕುತ್ತಾನೆ. ಆಗ ಕಾನೂನಿನ ಪ್ರಶ್ನೆಯೇ ಬದಲಾಗುತ್ತದೆ. ನೀನು ಯಾವ ದೇಶದ ಪ್ರಜೆ ಎಂದು ಅದು ಕೇಳುವುದಿಲ್ಲ. ಯಾವ ದೇಶದಲ್ಲಿ ಹುಟ್ಟಿದೆ ಎಂದು ಕೇಳುತ್ತದೆ. ಕೆನಡಾದ ಪಾಸ್‌ಪೋರ್ಟ್ ಕೈಯಲ್ಲಿದ್ದರೂ ಅವನು ನಿಲ್ಲಬೇಕಾದದ್ದು ಭಾರತದ ಸರದಿಯಲ್ಲಿ.

ಆ ಸರದಿಯ ಉದ್ದವಾದರೂ ಎಷ್ಟು? 1990ರ ವಲಸೆ ಕಾಯಿದೆಯಂತೆ ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್‌ಗಳು. ಹೆಂಡತಿ ಮಕ್ಕಳೂ ಅದೇ ಲೆಕ್ಕದಲ್ಲಿ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಧಾರಣವಾಗಿ ಶೇಕಡಾ 7ರ ಮಿತಿ. ಐಸ್‌ಲೆಂಡಿಗೂ ಏಳು, ಭಾರತಕ್ಕೂ ಏಳು! ಬಿಂದಿಗೆಗೂ ಕೆರೆಗೂ ಒಂದೇ ಅಳತೆಯ ಕೊಳವೆ ಜೋಡಿಸಿದಂತೆ ಇದು. ಬಿಂದಿಗೆ ಗಳಿಗೆಯಲ್ಲಿ ಬರಿದಾದೀತು, ಕೆರೆ ಹಾಗೇ ನಿಂತಿರುತ್ತದೆ. ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಪ್ರಕಟಿಸುವ ವೀಸಾ ಬುಲೆಟಿನ್ನಿನಲ್ಲಿ, ಉನ್ನತ ಪದವಿ ಪಡೆದವರ ವರ್ಗದಲ್ಲಿ ಭಾರತೀಯರ ಸರದಿ 2024ರ ಉದ್ದಕ್ಕೂ 2012ನೆಯ ಇಸವಿಯಲ್ಲೇ ತೆವಳುತ್ತಿತ್ತು.

ಸರದಿಯಲ್ಲಿ ಜಾಗ ಹಿಡಿಯುವ ರೀತಿಯೂ ಸ್ವಾರಸ್ಯವಾಗಿದೆ. ಆ ಕೆಲಸಕ್ಕೆ ತಕ್ಕ ಅಮೆರಿಕನ್ನರು ಸಿಗಲಿಲ್ಲವೆಂದು ಕಂಪನಿ ಮೊದಲು ತೋರಿಸಬೇಕು. ಅದಕ್ಕಾಗಿ ಮಾಡಬೇಕಾದ ಹಲವು ಪ್ರಯತ್ನಗಳಲ್ಲಿ, ಎರಡು ಭಾನುವಾರ ಊರಿನ ಪತ್ರಿಕೆಯಲ್ಲಿ ಜಾಹೀರಾತು ಹಾಕುವುದೂ ಒಂದು. ಬಳಿಕ ಕಾರ್ಮಿಕ ಇಲಾಖೆಗೆ ಅರ್ಜಿ ತಲುಪಿದ ದಿನವೇ ಸರದಿಯ ದಿನಾಂಕ. ಜಾಹೀರಾತಿನಲ್ಲಿ ತಪ್ಪಾದರೆ ಎಲ್ಲವೂ ಮೊದಲಿನಿಂದ.

ಹಾಸನದ ಎಂಜಿನಿಯರ್ ವಕೀಲರೆದುರು ಕುಳಿತಾಗ ಅವರು ಕೇಳುವ ಒಂದು ಪ್ರಶ್ನೆ ಅವನಿಗೆ ವಿಚಿತ್ರವಾಗಿ ಕೇಳಿಸುತ್ತದೆ. 'ನಿಮ್ಮ ಹೆಂಡತಿ ಹುಟ್ಟಿದ್ದು ಎಲ್ಲಿ?' ಅಪ್ಪ ಮಸ್ಕತ್ತಿನಲ್ಲೋ ಕುವೈತಿನಲ್ಲೋ ನೌಕರಿಯಲ್ಲಿದ್ದಾಗ ಆಕೆ ಅಲ್ಲಿ ಹುಟ್ಟಿದ್ದರೆ ಫೈಲಿನ ದೆಸೆಯೇ ತಿರುಗುತ್ತದೆ. ದಂಪತಿ ಒಟ್ಟಿಗೆ ವಲಸೆ ಹೋಗುವಾಗ ಒಬ್ಬರು ಹುಟ್ಟಿದ ದೇಶದ ಲೆಕ್ಕಕ್ಕೆ ಇನ್ನೊಬ್ಬರೂ ಸೇರಬಹುದು. ಹತ್ತಾರು ವರ್ಷದ ಕಾಯುವಿಕೆ ಒಮ್ಮೆಲೇ ಇಳಿಯುತ್ತದೆ. ಬಾಣಂತನಕ್ಕೆಂದು ಅಜ್ಜಿ ಮಗಳನ್ನು ಊರಿಗೆ ಕರೆಸಿಕೊಂಡಿದ್ದರೆ ಮಾತ್ರ ಆ ದಾರಿಯಿಲ್ಲ! ಮಗು ಟೊರಾಂಟೋದಲ್ಲಿ ಹುಟ್ಟಿದೆಯಲ್ಲ ಎಂದರೆ, ಮಗುವಿನ ಹುಟ್ಟೂರು ಹೆತ್ತವರಿಗೆ ಒದಗುವುದಿಲ್ಲ.

ಕರ್ನಾಟಕದವರ ಫೈಲಿನಲ್ಲಿ ಇನ್ನೊಂದು ತಾಪತ್ರಯವುಂಟು. ಎಚ್.ಎಸ್. ಎಂಬ ಇನಿಷಿಯಲ್ಲಿನೊಳಗೆ ಊರೂ ಅಪ್ಪನ ಹೆಸರೂ ಅಡಗಿ ಕೂತಿರುತ್ತವೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಷ್ಟೇ ಹೆಸರಿದ್ದರೆ, ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' ಎಂದು ಮೂರಕ್ಷರ ಬೀಳುತ್ತದೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ತೊಟ್ಟಿಲಿಗೆ ಹಾಕಿ ಕರೆದ ಹೆಸರೇ ತಿಳಿಯದಾಯಿತು! ಇನ್ನು ಜನನ ಪ್ರಮಾಣಪತ್ರ. ಜನನ-ಮರಣ ನೋಂದಣಿ ಕಾಯಿದೆ ಆದದ್ದು 1969ರಲ್ಲಿ. ಅದಕ್ಕೆ ಮೊದಲು, ಎಷ್ಟೋ ಕಡೆ ಅದಾದ ಮೇಲೂ, ಹಳ್ಳಿಯ ಮನೆಯಲ್ಲಿ ಹುಟ್ಟಿದ ಮಗುವಿಗೆ ಜಾತಕವಿತ್ತು, ಪ್ರಮಾಣಪತ್ರವಿರಲಿಲ್ಲ. ಆಗ ನೋಂದಣಿ ಸಿಕ್ಕಿಲ್ಲವೆಂಬ ಹಿಂಬರಹ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಹೆರಿಗೆಯನ್ನು ಬಲ್ಲ ಸೋದರತ್ತೆಯ ಅಫಿಡವಿಟ್ಟು ಎಲ್ಲವೂ ವಕೀಲರ ಮೇಜಿಗೆ ಬರಬೇಕು.

ಇಷ್ಟಕ್ಕೂ ವಕೀಲರ ಕಕ್ಷಿದಾರ ಯಾರು? ಫೀಜು ಕೊಡುವುದು ಬಹುಮಟ್ಟಿಗೆ ಕಂಪನಿ, ಅರ್ಜಿಯೂ ಕಂಪನಿಯದೇ. ಬದುಕು ಮಾತ್ರ ನೌಕರನದು. ಎಷ್ಟೋ ಪ್ರಕರಣಗಳಲ್ಲಿ ಒಬ್ಬರೇ ವಕೀಲರು ಇಬ್ಬರ ಪರವಾಗಿಯೂ ಇರುತ್ತಾರೆ. ಎಲ್ಲವೂ ಸರಿಯಿರುವಷ್ಟು ದಿನ ಸರಿ. ಕಂಪನಿ ನೌಕರನನ್ನು ತೆಗೆದುಹಾಕಿದಾಗ ಬಿಕ್ಕಟ್ಟು ಶುರುವಾಗುತ್ತದೆ. 2017ರ ಜನವರಿಯಲ್ಲಿ ಬಂದ ನಿಯಮದಂತೆ ಆತನಿಗಿರುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ದಾರಿ ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಆ ಹೊತ್ತಿನಲ್ಲಿ ಅವನು ಫೋನು ಮಾಡುವುದು ಕಂಪನಿಯ ವಕೀಲರಿಗೇ. ಅವರು ಬಾಯಿಬಿಟ್ಟು ಹೇಳಬಹುದಾದದ್ದು ಬಹಳ ಕಡಿಮೆ. ಈ ವೃತ್ತಿಯ ಅತಿ ಕಹಿಯಾದ ಭಾಗ ಇದೇ ಇರಬೇಕು.

2025ರ ಸೆಪ್ಟೆಂಬರ್ 19ರ ಶುಕ್ರವಾರದ ಸಂಜೆಯನ್ನು ಈ ವಕೀಲರು ಬೇಗ ಮರೆಯಲಾರರು. ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಎಂಬ ಅಧ್ಯಕ್ಷ ಟ್ರಂಪ್ ಅವರ ಘೋಷಣೆ ಅಂದು ಹೊರಬಿತ್ತು. ಜಾರಿ ಭಾನುವಾರ ಮೊದಲಾಗುವ ನಡುರಾತ್ರಿಯಿಂದ. ರಜೆಗೆಂದು ಭಾರತಕ್ಕೆ ಬಂದಿದ್ದವರು ವಿಮಾನ ನಿಲ್ದಾಣಕ್ಕೆ ಓಡಿದರು. ಇದು ಹೊಸ ಅರ್ಜಿಗಳಿಗೆ ಮಾತ್ರ ಎಂಬ ವಿವರಣೆ ಬಂದದ್ದು ಶನಿವಾರ.

ಮಕ್ಕಳ ವಿಷಯದಲ್ಲಂತೂ ವಕೀಲರು ಕ್ಯಾಲೆಂಡರ್ ಮುಂದಿಟ್ಟುಕೊಂಡೇ ಕೂರಬೇಕು. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಮಗಳಿಗೆ 21 ತುಂಬಿದರೆ, ಅವಳು ತಂದೆಯ ಅರ್ಜಿಯಿಂದ ಹೊರಬೀಳುತ್ತಾಳೆ. 2002ರ ಕಾಯಿದೆಯೊಂದು ಕೊಂಚ ಆಸರೆ ಕೊಟ್ಟಿದೆ: ಕಂಪನಿಯ ಅರ್ಜಿ ಇಲಾಖೆಯಲ್ಲಿ ಕೊಳೆತಷ್ಟು ಕಾಲವನ್ನು ವಯಸ್ಸಿನಿಂದ ಕಳೆಯಬಹುದು. ಸರದಿ ಬಂದ ದಿನ ಮಗಳಿಗೆ 21 ವರ್ಷ 4 ತಿಂಗಳು, ಅರ್ಜಿ ಕೊಳೆತದ್ದು 6 ತಿಂಗಳು ಎಂದಾದರೆ, ಕಾನೂನಿನ ಕಣ್ಣಿಗೆ ಅವಳಿಗೆ 20 ವರ್ಷ 10 ತಿಂಗಳು. ಅರ್ಜಿ ಮೂರೇ ತಿಂಗಳಲ್ಲಿ ಮುಗಿದಿದ್ದರೆ? ಇಲಾಖೆ ಚುರುಕಾಗಿದ್ದದ್ದೇ ಅವಳಿಗೆ ಮುಳುವಾಗುತ್ತದೆ.

ಇದನ್ನೆಲ್ಲ ಕಂಡು ಉತ್ತರಕ್ಕೆ ಮುಖ ಮಾಡಿದವರೂ ಬೇಕಾದಷ್ಟು. 2023ರ ಜುಲೈನಲ್ಲಿ ಕೆನಡಾ, ಅಮೆರಿಕದ ಎಚ್-1ಬಿ ನೌಕರರಿಗೆಂದೇ 10,000 ಅನುಮತಿಗಳ ಯೋಜನೆ ತೆರೆಯಿತು. ಎರಡು ದಿನ ತುಂಬುವುದರೊಳಗೆ ಅಷ್ಟೂ ಅರ್ಜಿ ಬಂದು ಬಾಗಿಲು ಮುಚ್ಚಿತು. ಹಾಗೆ ಕೆನಡಾಗೆ ಹೋಗಿ, ಅಲ್ಲಿನ ಪ್ರಜೆಯಾಗಿ, ಮತ್ತೆ ಪೀಸ್ ಬ್ರಿಜ್ ಹತ್ತಿ ಬರುವವನ ಪಾಸ್‌ಪೋರ್ಟ್ ಬದಲಾಗಿರುತ್ತದೆ. ವಕೀಲರು ಅವನ ಹಳೆಯ ಫೈಲು ತೆಗೆದು ಮೊದಲು ಹುಡುಕುವುದು ಒಂದೇ ಕಾಗದ: ಹಿಂದಿನ ಕಂಪನಿಯ ಅರ್ಜಿ ಮಂಜೂರಾದ ಪತ್ರ. ಅದೊಂದಿದ್ದರೆ, ಹೊಸ ಕಂಪನಿ ಹೊಸ ಅರ್ಜಿ ಹಾಕಿದರೂ ಸಾಮಾನ್ಯವಾಗಿ ಹಳೆಯ ಸರದಿಯ ದಿನಾಂಕವೇ ಅವನಿಗೆ ದಕ್ಕುತ್ತದೆ.